ಡಂಗುರದವನ ಪೀಠಿಕೆ

"ಗುರುಗಳೇ, ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದಕ್ಕೆ ಲಾಗಿಂಗ್ ಲೈಬ್ರರಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರೋಗ್ರಾಮಿನ ಒಳಗೆ ಏನು ನಡೆಯಿತೆಂದು ಹೊರಗಿನವರಿಗೆ ತಿಳಿಸುವ ಲೈಬ್ರರಿ ಅದು. ಭಾಷೆಯ ಜೊತೆಗೇ ಎಲ್ಲರಿಗೂ ಸಿಗುತ್ತದೆ. ಹಾಗಾಗಿ ಎಲ್ಲರಿಗೂ ಅದರಲ್ಲಿ ಏನಾದರೊಂದು ಬೇಕು. ಒಬ್ಬರಿಗೆ ಬಣ್ಣದ ಅಕ್ಷರ, ಇನ್ನೊಬ್ಬರಿಗೆ ಮೇಲ್ ಕಳಿಸುವ ಅನುಕೂಲ. ಸದ್ಯಕ್ಕೆ ಎಲ್ಲವನ್ನೂ ಸೇರಿಸಿ, ಬೇಡವಾದದ್ದನ್ನು ಆಮೇಲೆ ತೆಗೆದರೆ ಆಗದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡಂಗುರದವನಿದ್ದ. ಕೆರೆಯ ತೂಬು ತೆರೆದರೆ, ದನ ಕಳೆದರೆ, ತಮಟೆ ಬಡಿದು ಊರಿಗೆ ಸಾರುತ್ತಿದ್ದ. ಅವನ ಗಂಟಲು ದೊಡ್ಡದು, ಮಾತು ಚಿಕ್ಕದು.

ಒಂದು ದಿನ ಜೋಯಿಸರು ಅವನನ್ನು ಕರೆದು, "ಹೇಗೂ ಕೂಗುತ್ತೀಯಲ್ಲ, ಸುದ್ದಿಗೆ ಮುಂಚೆ ಆ ದಿನದ ತಿಥಿಯೊಂದನ್ನು ಹೇಳಿಬಿಡು" ಎಂದರು. ಜೋಯಿಸರೇ ಬಾಯಿಬಿಟ್ಟು ಕೇಳಿದರೆಂದು ಅವನಿಗೆ ಹಿಗ್ಗು. ಒಪ್ಪಿಕೊಂಡ. ಅಂಗಡಿಯವನು ಬಂದು ಬೆಲ್ಲದ ಧಾರಣೆ ಸೇರಿಸೆಂದ. ಗೌಡರು ತಮ್ಮ ವಂಶದ ಬಿರುದು ಮೊದಲಿಗಿರಲಿ ಎಂದರು. ಊರಿಗೊಬ್ಬನೇ ಇದ್ದ ಕವಿ, ಇದೆಲ್ಲ ಪ್ರಾಸದಲ್ಲಿದ್ದರೆ ಚೆನ್ನ ಎಂದ. ಡಂಗುರದವನಿಗೆ ಇಲ್ಲವೆನ್ನಲು ಬಾರದು. ಎಮ್ಮೆ ಮೇಯಿಸುತ್ತಲೇ ಪ್ರಾಸವನ್ನು ಉರುಹೊಡೆದ.

ಒಂದು ಮಧ್ಯಾಹ್ನ ಹುಲ್ಲಿನ ಬಣವೆಯೊಂದಕ್ಕೆ ಬೆಂಕಿ ಬಿದ್ದದ್ದನ್ನು ಅವನು ಕಂಡ. ಓಡಿಬಂದು ತಮಟೆ ಬಡಿದ. ಜನ ಹೊರಗೆ ಬಂದರು. ಅವನು ಬಿರುದು ಮುಗಿಸಿ ತಿಥಿಗೆ ಬಂದ.

"ನಿಲ್ಲಯ್ಯ," ಎಂದರು ಜೋಯಿಸರು. "ಷಷ್ಠಿ ಆಗಲೇ ಕಳೆಯಿತು, ಈಗ ಸಪ್ತಮಿ. ಮೊದಲಿನಿಂದ ಹೇಳು."

ಅವನು ಬೆವರುತ್ತ ಮೊದಲಿನಿಂದ ಹೇಳಿದ. ಬೆಲ್ಲದ ಧಾರಣೆ ದಾಟಿ ಬೆಂಕಿಯ ಸುದ್ದಿಗೆ ಬರುವ ಹೊತ್ತಿಗೆ ಬಣವೆ ಬೂದಿಯಾಗಿತ್ತು.

"ಪಾಪ, ಯಾರದಯ್ಯ ಬಣವೆ?" ಎಂದರು ಜೋಯಿಸರು.

"ತಮ್ಮದೇ, ಸ್ವಾಮಿ."

ಪಂಚಾಯಿತಿ ಸೇರಿತು. ಪೀಠಿಕೆಯನ್ನೆಲ್ಲ ಕಿತ್ತುಹಾಕಿ ಎಂದು ಎಲ್ಲರಿಗಿಂತ ಮೊದಲು ಕೂಗಾಡಿದವರು ಜೋಯಿಸರು. ಆದರೆ ತಿಥಿಯನ್ನು ತೆಗೆಯುತ್ತಾರೆಂದು ಕೇಳಿ ಮುದುಕಿಯೊಬ್ಬಳು ಅಳತೊಡಗಿದಳು. ಅವಳ ಏಕಾದಶಿ ಉಪವಾಸವೆಲ್ಲ ಡಂಗುರವನ್ನೇ ನಂಬಿತ್ತು. ಧಾರಣೆ ತಿಳಿಯದೆ ಗಾಡಿ ಕಟ್ಟುವುದು ಹೇಗೆಂದು ಆಲೆಮನೆಯವರು ಜಗಳಕ್ಕೆ ನಿಂತರು. ಪ್ರಾಸ ಕೇಳದೆ ಮಕ್ಕಳು ಉಣ್ಣುವುದಿಲ್ಲವೆಂದು ತಾಯಂದಿರು ಹೇಳಿದರು. ಬಿರುದಿನ ಮಾತನ್ನು ಗೌಡರ ಎದುರು ಯಾರೂ ಎತ್ತಲೇ ಇಲ್ಲ.

ಕೊನೆಗೆ ಒಂದನ್ನೂ ತೆಗೆಯಲಾಗಲಿಲ್ಲ. ಊರವರು ಡಂಗುರದವನನ್ನು ಹಾಗೆಯೇ ಇಟ್ಟುಕೊಂಡು, ಬೆಂಕಿ ಬಿದ್ದರೆ ಕೂಗಲು ಬೇರೊಬ್ಬನನ್ನು ನೇಮಿಸಿದರು. ಡಂಗುರದವನು ಮನೆಗೆ ಹೋಗಿ ತಮಟೆ ಕೆಳಗಿಟ್ಟು, ಹೊಸಬನೇ ಪುಣ್ಯವಂತ ಎಂದುಕೊಂಡ.

ಶಿಷ್ಯ ಬಿದ್ದು ಬಿದ್ದು ನಕ್ಕ. "ತಿಳಿಯಿತು, ಗುರುಗಳೇ. ಏನಾಯಿತು, ಎಲ್ಲಾಯಿತು, ಎಷ್ಟು ಜರೂರು, ಇಷ್ಟನ್ನು ಮಾತ್ರ ಇಡುತ್ತೇನೆ. ಉಳಿದದ್ದನ್ನು ಬೇಕಾದವರು ತಾವೇ ಬರೆದುಕೊಳ್ಳಲಿ. ಆದರೆ ನಾನೇ ಬರೆದ ಚಿಕ್ಕ ಸೌಲಭ್ಯವೊಂದಿದೆ. ತುಂಬ ಉಪಯೋಗದ್ದು. ಅದೊಂದನ್ನು ಸೇರಿಸಿಬಿಡುತ್ತೇನೆ."

ಗುರುಗಳು ಹೇಳಿದರು: "ಆ ಊರಿನಲ್ಲೂ ಯಾರೂ ಎರಡು ಕೇಳಿರಲಿಲ್ಲ."