ಈರಸಂಗಪ್ಪ ಕಂಡ ಕೆರೆ

ಪೂಜ್ಯ ನೀಲಕಂಠ ಅಜ್ಜನವರು ಆಗ ಹಾಲಗುಂಡಿಯ ಕೆರೆ ಏರಿಯ ಮೇಲೆ, ಬೇವಿನ ಮರದಡಿ ಗುಡಿಸಲು ಹಾಕಿಕೊಂಡಿದ್ದರು. ಕೆರೆಯಂಚಿನ ಜೊಂಡು ಕೊಯ್ದು ಚಾಪೆ ಹೆಣೆಯುವುದು ಅವರ ಕಾಯಕವಾಗಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಅಲ್ಲಿಗೆ ಅದೇ ಊರಿನ ನೇಕಾರ ಈರಸಂಗಪ್ಪ ಬಂದ. ಸೀರೆಯ ಅಂಚು ನೇಯುವುದರಲ್ಲಿ ಆ ಸೀಮೆಗೇ ಹೆಸರಾದವನು. ಅವನ ಕಣ್ಣು ದಿನದಿಂದ ದಿನಕ್ಕೆ ಮಬ್ಬಾಗುತ್ತಿತ್ತು. ಹೆಚ್ಚೆಂದರೆ ಇನ್ನೊಂದು ವರ್ಷ ಕಂಡೀತು ಎಂದು ವೈದ್ಯರು ಹೇಳಿಬಿಟ್ಟಿದ್ದರು. ಸಾಧುಸಂತರಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಹೆಂಡತಿ ಬಸಲಿಂಗವ್ವನ ಒತ್ತಾಯಕ್ಕೆ ಬಂದಿದ್ದ. ಕಣ್ಣು ಉಳಿಸುವ ಶಕ್ತಿ ನಿಮಗಿದೆಯೋ ಇಲ್ಲವೋ ಹೇಳಿ ಎಂದು ನಿಂತೇ ಒರಟಾಗಿ ಕೇಳಿದ.

‘ಇಲ್ಲಪ್ಪಾ,’ ಎಂದರು ಅಜ್ಜನವರು. ಹೆಣೆಯುತ್ತಿದ್ದ ಚಾಪೆ ಪಕ್ಕಕ್ಕಿಟ್ಟು, ‘ದಿನಾ ಮುಂಜಾನೆ ಬಾ. ಕೆರಿ ಹ್ಯಾಂಗ ಐತಿ ಅಂತ ನನಗ ಹೇಳು,’ ಎಂದರು.

ಕೆರೆ ನಿಮ್ಮ ಮುಂದೆಯೇ ಇದೆಯಲ್ಲ ಎಂದು ಅವನು ರೇಗಿದ.

‘ನನ್ನ ಕಣ್ಣಿಗೆ ಕಂಡದ್ದು ನನಗ ಗೊತ್ತೈತಿ. ನಿನ್ನ ಕಣ್ಣಿಗೆ ಕಂಡದ್ದು ಬೇಕು.’

ಸುಳ್ಳು ಭರವಸೆ ಕೊಡದ ಆ ಮಾತೇ ಅವನನ್ನು ಮರುದಿನ ಕರೆತಂದಿತು. ಹೊಸ ನೀರು ಕೆಂಪಗಿದೆ ಎಂದಷ್ಟೇ ಹೇಳಿ ಹೊರಟ. ಯಾವ ಕೆಂಪು ಎಂದು ಅಜ್ಜನವರು ಕೇಳಿದರು. ನೇಕಾರನಿಗೆ ಆ ಪ್ರಶ್ನೆ ನಾಟಿತು. ನೂಲಿನ ಬಣ್ಣ ಪರೀಕ್ಷಿಸುವವನಂತೆ ಬಗ್ಗಿ, ಬಹಳ ಹೊತ್ತು ನೋಡಿದ.

ಆಶ್ವೀಜದಲ್ಲಿ ನೀರು ತಿಳಿಯಾಗಿ ನೈದಿಲೆ ಅರಳಿದವು. ಮಾರ್ಗಶಿರದ ಮಂಜಿನಲ್ಲಿ ಹಿಮಾಲಯದಾಚೆಯ ಬಾತುಗಳು ಬಂದಿಳಿದವು. ಅವುಗಳ ತಲೆಯ ಮೇಲಿನ ಎರಡು ಕಪ್ಪು ಪಟ್ಟಿ ಕಾಣಲು ಅವನು ಜೊಂಡಿನ ನಡುವೆ ಉಸಿರು ಬಿಗಿಹಿಡಿದು ಕೂತ. ಚೈತ್ರಕ್ಕೆ ನೀರು ಹಿಂದೆ ಸರಿಯಿತು. ಬಿರಿದ ನೆಲದಲ್ಲಿ ಊರವರು ಸೌತೆ ಬಳ್ಳಿ ಹಬ್ಬಿಸಿದರು. ಹೂವಿನ ಹಳದಿ ಕಾಣಲು ಅಷ್ಟರಲ್ಲಿ ಅವನು ಮುಖವನ್ನು ಬಳ್ಳಿಗೆ ತಾಗಿಸಬೇಕಾಗಿತ್ತು. ಹಾಗಿದ್ದರೂ ಒಂದು ದಿನವೂ ತಪ್ಪಿಸಲಿಲ್ಲ.

ಆಷಾಢದಲ್ಲಿ ಎರಡೂ ಕಣ್ಣು ಕತ್ತಲಾದವು. ಬಸಲಿಂಗವ್ವ ಅಳುತ್ತ ಅವನ ಕೈಹಿಡಿದು ಕರೆತಂದಳು. ಈರಸಂಗಪ್ಪ ತಡಕಾಡಿ ಅಜ್ಜನವರ ಪಾದ ಹಿಡಿದು ಹಣೆಯಿಟ್ಟ.

‘ನಲವತ್ತು ವರ್ಷ ಈ ಏರಿ ಮ್ಯಾಲ ತಿರುಗಾಡೇನ್ರಿ ಅಜ್ಜಾರ. ಕೆರಿ ಕಂಡದ್ದು ಇದೊಂದ ವರ್ಷ. ಇಷ್ಟು ಸಿಕ್ತಲ್ಲ, ನನಗ ಸಾಕ್ರಿ.’

ಅಜ್ಜನವರು ಅವನ ಹೆಗಲ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡರು.

ಈರಸಂಗಪ್ಪ ಮುಂದೆ ಹತ್ತೊಂಬತ್ತು ವರ್ಷ ಬಾಳಿದ. ಮಗ್ಗದ ಪಕ್ಕ ಕೂತು, ಅಂಚಿನ ಬಣ್ಣಗಳನ್ನು ಮಗಳು ಗುರವ್ವನಿಗೆ ಬಾಯಲ್ಲೇ ಹೇಳಿಕೊಡುತ್ತಿದ್ದ. ಈ ಪ್ರಸಂಗವನ್ನು ನನಗೆ ಹೇಳಿದವಳು ಅವಳೇ. ಅಪ್ಪ ಕಣ್ಣಿಗಾಗಿ ಮರುಗಿದ್ದನ್ನು ತಾನು ಒಮ್ಮೆಯೂ ಕೇಳಲಿಲ್ಲ ಎಂದಳು.