ಬೋರಲಿಂಗ ಟೇಬಲ್ ಜಾಯಿನ್ ಮಾಡಿದ್ದು

ಬನ್ರೋ ಬನ್ರೋ, ಹತ್ರ ಕೂತ್ಕೊಳ್ಳಿ, ಇದನ್ನ ಹೇಳ್ದೇ ಇದ್ರೆ ನನ್ ಹೊಟ್ಟೆ ಒಡ್ದೋಗುತ್ತೆ! ನಾಗಮಂಗಲದಲ್ಲಿ ದ್ಯಾವಮ್ಮ ಅಂತ ಒಬ್ಳಿದ್ಲು. ವಧೂವರರ ಕೇಂದ್ರ ನಡೆಸೋಳು. ಯಾವ ಗಂಡಿಗೆ ಯಾವ ಹೆಣ್ಣು ಅಂತ ಕಂಪ್ಯೂಟರಲ್ಲಿ ಎಸ್‌ಕ್ಯೂಎಲ್ ಕ್ವೆರಿ, ಅಂದ್ರೆ ಕಂಪ್ಯೂಟರ್ ಭಾಷೇಲಿ ಪ್ರಶ್ನೆ, ಬರ್ದು ಟಕ್ ಅಂತ ತೆಗ್ಯೋಳು. ಅವಳಿಗೊಬ್ಬ ಮಗ, ಬೋರಲಿಂಗ. ಬೆರಳು ಚುರುಕು, ತಲೆ ಮಾತ್ರ ಮಂದ. ಹೇಳಿದ್ದನ್ನ ಹೇಳ್ದಂಗೇ ಮಾಡೋನು, ಸಾಸ್ವೆ ಕಾಳಷ್ಟು ಹೆಚ್ಚಿಲ್ಲ, ಸಾಸ್ವೆ ಕಾಳಷ್ಟು ಕಮ್ಮಿ ಇಲ್ಲ! ಬೈದ್ರೆ ಎದೆ ಸೆಟೆಸ್ಕೊಂಡು ವಾದ ಬೇರೆ!

ದ್ಯಾವಮ್ಮಂಗೆ ಕಣ್ಣಿನ ಆಪರೇಶನ್ ಆಗಿ ಪಟ್ಟಿ ಕಟ್ಟಿದ್ರು. ಅದೇ ಹೊತ್ತಿಗೆ ಸೋಮೇಗೌಡ್ರ ಫೋನು.

"ದ್ಯಾವಮ್ಮ, ನನ್ ಮಗಳು ಜಯಶೀಲಂಗೆ ಸಂಜೆ ಒಳಗೆ ಕುಡಿಯದ ಗಂಡು ತೋರಿಸ್ತೀಯೋ, ಇಲ್ಲಾ ನಿಮ್ಮೆದುರಿಗೆ ಹೊಸ ಕೇಂದ್ರ ಬಂದದಲ್ಲ, ಅಲ್ಲಿಗೆ ಹೋಗ್ಲೋ?"

ಗೌಡ್ರು ಹೋದ್ರೆ ಅವರ ಹಿಂದೆ ಊರೇ ಹೋಗುತ್ತೆ! ದ್ಯಾವಮ್ಮನ ಕೇಂದ್ರಕ್ಕೆ ಬೀಗಾನೇ! ಮಂಚದಿಂದ್ಲೇ ಕೂಗಿದ್ಲು.

"ಮಗಾ, ಮೊದ್ಲು ಗಂಡುಗಳಿಗೆ ಫಿಲ್ಟರ್ ಹಾಕು!"

"ಹಾಕ್ದೆ ಕಣವ್ವ!"

"ಎಷ್ಟು ಬಂತು?"

"ಇನ್ನೂ ಇಳೀತಾ ಅದೆ ಕಣವ್ವ, ಡಿಕಾಕ್ಷನ್ನು! ಘಮ್ ಅಂತದೆ! ಹಜಾರದಲ್ಲಿ ಕೂತಿರೋ ಗಂಡಸ್ರಿಗೆಲ್ಲ ಒಂದೊಂದು ಲೋಟ ಕೊಟ್ಟೂ ಆಯ್ತು!"

"ಅಯ್ಯೋ ಮುಂಡೇದೇ! ಕಾಫಿ ಫಿಲ್ಟರ್ ಅಲ್ಲ ಕಣ್ಲಾ! ಫಿಲ್ಟರ್ ಅಂದ್ರೆ ಸೋಸೋದು. ಕುಡಿಯೋರ್ನೆಲ್ಲ ಆಚೆ ಹಾಕು, ಕುಡಿಯದೋರು ಮಾತ್ರ ಉಳೀಲಿ!"

"ಅಷ್ಟೇನಾ? ಮೊದ್ಲೇ ಹೇಳಕ್ಕೇನು!"

ಹೋದ. ಹಜಾರದಲ್ಲಿ ಮಕ್ಕಳಿಗೆ ಸಂಬಂಧ ಕೇಳಕ್ಕೆ ಬಂದ ಹಿರೀಕರು ಸೊರ್ ಸೊರ್ ಅಂತ ಕಾಫಿ ಕುಡೀತಾವ್ರೆ. ಲೋಟ ಬಾಯಲ್ಲಿದ್ದೋರ್ನೆಲ್ಲ ರಟ್ಟೆ ಹಿಡ್ದು ಎಬ್ಬಿಸ್ದ, ಬೀದಿಗೆ ಬಿಟ್ಟ!

"ಅವ್ವ, ಒಬ್ರು ಉಳಿದವ್ರೆ! ಸಕ್ಕರೆ ಕಾಯಿಲೆಯಂತೆ, ಕಾಫಿ ಮುಟ್ಟಿಲ್ಲ. ಹಲ್ಲೊಂದೂ ಇಲ್ಲ. ಜಯಶೀಲಂಗೆ ಇವ್ರೇ ಆಗ್ಬಹುದಾ?"

"ಥೂ ನಿನ್ನ! ಹೆಂಡ ಕುಡಿಯೋರು ಕಣ್ಲಾ! ಆಚೆ ಜನಾನ ಮುಟ್ಬೇಡ, ಕಂಪ್ಯೂಟರ್ ಒಳಗೆ ಸೋಸು! ಸೋಸಿ ಉಳಿದಿದ್ದನ್ನ ಹೆಣ್ಣುಗಳ ಟೇಬಲ್‌ಗೆ ಜಾಯಿನ್ ಮಾಡು!"

"ಕುಡಿಯೋರು ಅಂದೆ, ಏನು ಕುಡಿಯೋರು ಅಂದ್ಯಾ? ತಪ್ಪು ನಿಂದು!"

ಸೋಸೋದು ಸೋಸ್ದ, ಸರ್ಯಾಗೇ ಸೋಸ್ದ! ಆಮೇಲೆ ಕೇಳಿಸ್ತು ನೋಡಿ, ಢಣ್ ಢಣ್ ಢಣ್!

"ಏನ್ಲಾ ಅದು ಸದ್ದು?"

"ಜಾಯಿನ್ ಮಾಡ್ತಾವ್ನಿ! ಕಂಪ್ಯೂಟರ್ ಇರೋ ಟೇಬಲ್‌ಗೂ ಹೆಣ್ಣುಗಳು ಕೂರೋ ಟೇಬಲ್‌ಗೂ ಸೇರಿಸಿ ಮೊಳೆ ಹೊಡ್ದಿವ್ನಿ. ಆನೆ ಎಳುದ್ರೂ ಬಿಡಲ್ಲ!"

"ಅಯ್ಯಯ್ಯೋ, ಮರದ ಟೇಬಲ್ ಅಲ್ವೋ! ಕಂಪ್ಯೂಟರ್ ಒಳಗೇ ಗಂಡುಗಳ್ದೊಂದು ಟೇಬಲ್, ಅಂದ್ರೆ ಹೆಸರಿನ ಪಟ್ಟಿ, ಹೆಣ್ಣುಗಳ್ದೊಂದು ಟೇಬಲ್ ಅದೆ. ಎರಡು ಕಡೇನೂ ಒಂದೇ ಇರೋದನ್ನ ನೋಡಿ ಜೋಡ್ಸು! ಎಷ್ಟು ಹೊಂದುತ್ತೋ ಅಷ್ಟು ಒಳ್ಳೇದು!"

"ನೀನು ಒಂದ್ಸಲಕ್ಕೆ ನೆಟ್ಟಗೆ ಹೇಳಲ್ಲ, ಆಮೇಲೆ ನನ್ನ ಪೆದ್ದ ಅಂತೀಯ!"

ಟಕ ಟಕ, ಟಕ ಟಕ.

"ಸಿಕ್ತು ಕಣವ್ವ! ಜಯಶೀಲಂಗೆ ಚಿನ್ನದಂಥ ಗಂಡು! ಎಲ್ಲಾ ಒಂದೇ! ಎರಡು ಕಡೆಯೋರ್ಗೂ ಬನ್ನಿ ಅಂತ ಮೆಸೇಜ್ ಬಿಟ್ಟೆ!"

ಸಂಜೆ ಆಯ್ತು. ಬಾಗಿಲಲ್ಲಿ ಆಟೋ ನಿಂತ ಸದ್ದು.

"ಹೆಣ್ಣಿನ ಕಡೆಯೋರು ಬಂದ್ರೇನ್ಲಾ?"

"ಬಂದ್ರು!"

"ಗಂಡಿನ ಕಡೆಯೋರು?"

"ಅವ್ರೂ ಬಂದ್ರು, ಒಂದೇ ಆಟೋದಲ್ಲಿ!"

ದ್ಯಾವಮ್ಮ ಪಟ್ಟಿ ಕಣ್ಣಲ್ಲೇ ಕೈ ಮುಗುದ್ಲು. "ಆಗ್ಲೇ ಅಷ್ಟೊಂದು ಅನ್ಯೋನ್ಯನಾ! ಗೌಡ್ರೇ, ಗಂಡು ಒಪ್ಗೆ ಆಯ್ತಾ?"

ಬೋರಲಿಂಗ ಗೌಡ್ರ ಪಕ್ಕದಲ್ಲಿದ್ದ ಹುಡುಗನ್ನ ಬೆರಳು ಮಾಡಿ ತೋರಿಸ್ದ. ಸೋಮೇಗೌಡ್ರು ಗುಡುಗಿದ್ರು. "ಗಂಡಾ? ಇವನು ನನ್ ಹಿರೀಮಗ ಕಣಮ್ಮ! ಜಯಶೀಲನ ಒಡಹುಟ್ಟಿದ ಅಣ್ಣ! ಅವನಿಗೂ ಒಂದು ಹೆಣ್ಣು ನೋಡು ಅಂತ ನಿನ್ ಹತ್ರಾನೇ ಹೆಸರು ಬರ್ಸಿದ್ನಲ್ಲ, ಅದಕ್ಕೆ ಹಿಂಗಾ ಮಾಡೋದು?"

ಚಪ್ಪಲಿ ಮೆಟ್ಟಿದ್ರು, ಮಕ್ಕಳನ್ನ ಕರ್ಕೊಂಡು ನೆಟ್ಟಗೆ ಎದುರಿನ ಕೇಂದ್ರಕ್ಕೆ ನಡುದ್ರು. ದ್ಯಾವಮ್ಮ ಹಣೆ ಚಚ್ಚಿಕೊಂಡ್ಲು. ನಮ್ ಬೋರಲಿಂಗ ಸುಮ್ನಿರ್ತಾನಾ? ನಡುಬೀದೀಲಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಕೊಂಡು ಕೂಗ್ದ:

"ಹೋಗಿ ಗೌಡ್ರೇ, ಹೋಗಿ! ಹುಡುಗ ಕುಡಿಯಲ್ಲ, ಊರು ಒಂದೇ, ಮನೆ ಒಂದೇ, ಫೋನ್ ನಂಬರ್ ಒಂದೇ, ಅಪ್ಪ ಅವ್ವನೂ ಒಂದೇ! ಬೀಗರ ಜಗಳ ಅನ್ನೋ ಮಾತೇ ಇಲ್ಲ! ಆ ಕೇಂದ್ರದೋರು ಇಷ್ಟು ಹೊಂದೋ ಗಂಡು ತೋರಿಸ್ಲಿ, ನಾನೂ ನೋಡೇ ಬಿಡ್ತೀನಿ!"