ಠಾಣೆಯೊಳಗಿನ ಕಳವು

ನಲ್ಲಿ ನೀರಿನ ಜಗಳದಲ್ಲಿ ಪಕ್ಕದ ಮನೆಯವಳ ಕೊಡ ಒಡೆದಳೆಂದು ಫಕೀರವ್ವನ ಮೇಲೆ ಹಿಂದೊಮ್ಮೆ ಪೊಲೀಸ್ ಕೇಸಾಗಿ, ರಾಜಿಯಲ್ಲಿ ಮುಗಿದಿತ್ತು. ಈಗ ಅವಳಿಗೆ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಗುವುದರಲ್ಲಿತ್ತು. ಕೇಸು ಮುಗಿದ ದಾಖಲೆಯ ನಕಲು ಸೋಮವಾರದೊಳಗೆ ತರದಿದ್ದರೆ ಕೆಲಸ ಬೇರೆಯವರಿಗೆ ಎಂದಿದ್ದರು ಹಾಸ್ಟೆಲ್ಲಿನವರು.

ನಕಲಿಗಾಗಿ ಠಾಣೆಯಲ್ಲಿ ಅರ್ಜಿ ಕೊಟ್ಟಿದ್ದಳು, ಸೀಲು ಹಾಕಿಸಿಕೊಂಡಿದ್ದಳು. ಆದರೆ ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್ ಬಸಲಿಂಗಪ್ಪ ಕುರ್ಚಿ ಬಿಟ್ಟು ಏಳಬೇಕಲ್ಲ! "ನಿನ್ನ ಫೈಲ್ ಎಲ್ಲೂ ಕಾಣವಲ್ದು. ನಡಿ, ನಡಿ" ಎಂದ, ಕಿವಿಯಲ್ಲಿ ಕಡ್ಡಿ ಆಡಿಸುತ್ತಾ. ದಾಖಲೆ ಕೋಣೆಯ ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು.

ಫಕೀರವ್ವ ಹೋಗಲಿಲ್ಲ. ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹಂಗಾರ ಒಂದು ಕಂಪ್ಲೇಂಟ್ ಬರ್ಕೋರಿ ಸಾಹೇಬ್ರ. ಕಳವಾಗೇತಿ."

ಒಳಗೆ ಇನ್ಸ್‌ಪೆಕ್ಟರ್ ಇದ್ದರು, ಬರೆಯದೆ ವಿಧಿಯಿಲ್ಲ. ರೈಟರ್ ಪೆನ್ನು ತೆಗೆದ. "ಏನು ಕಳವಾತು?"

"ನನ್ನ ಫೈಲ್ರಿ."

"ಎಲ್ಲಿ?"

"ಇಲ್ಲೇ, ನಿಮ್ಮ ಠಾಣೆಯೊಳಗ."

ಪೆನ್ನು ಅರ್ಧಕ್ಕೇ ನಿಂತಿತು. ಫಕೀರವ್ವ ಒಳಗಿನ ಕೋಣೆಗೂ ಕೇಳುವಂತೆ ದನಿ ಏರಿಸಿದಳು. "ಯಾರ ಮ್ಯಾಲ ಸಂಶಯ ಅಂತ ಕೇಳ್ರಲ್ಲ! ಬೀಗದ ಕೈ ಯಾರ ಸೊಂಟದಾಗೈತಿ, ಅವರ ಹೆಸರು ಬರೀರಿ."

"ಏನ್ರೀ ಅದು ಕಳವು?" ಒಳಗಿನಿಂದ ಇನ್ಸ್‌ಪೆಕ್ಟರ್ ದನಿ.

"ಏನಿಲ್ಲ ಸರ್, ಏನಿಲ್ಲ!"

ರೈಟರ್ ಎದ್ದು ಓಡಿದ. ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ಫೈಲಿನೊಡನೆ ಬಂದ. ನಕಲು ತೆಗೆದು, ಸಹಿ ಮಾಡಿಸಿ, ಎರಡೂ ಕೈಯಿಂದ ಕೊಟ್ಟ.

"ಕಳವಾದ ಮಾಲು ಇಷ್ಟು ಲಗೂ ಹುಡುಕಿಕೊಟ್ಟ ಪೊಲೀಸರನ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ" ಎಂದಳು ಫಕೀರವ್ವ, ಸೆರಗು ಕೊಡವಿ ಏಳುತ್ತಾ. "ಕಳ್ಳ ಯಾರಂತ ಮಾತ್ರ ನಾ ಕೇಳೂದಿಲ್ಲ."